ಪುಣೆಯ ತಾರಸಿಯಲ್ಲಿ ಜವಾರಿ ಬಟಾಟೆಯ ತಳಿ ಉಳಿಸಿಕೊಳ್ಳುವುದು ಹೇಗೆ?

ಊರಿನಿಂದ ತಂದ ಜವಾರಿ ಕೆಂಪು ಬಟಾಟೆ ಮೊದಲ ವರ್ಷ ಚೆನ್ನಾಗಿ ಬಂದು, ಎರಡನೆಯ ವರ್ಷ ಎಲೆ ಮುದುಡಿ ಗೋಲಿಯಷ್ಟು ಗಡ್ಡೆ ಬಿಟ್ಟಿತು, ಇದು ಪುಣೆಯ ಮಣ್ಣಿನ ದೋಷವೇ ಎಂದು ಕೇಳಿದ್ದೀರಿ. ಮಣ್ಣನ್ನು ದೂರಬೇಡಿ. ಬಿತ್ತನೆಗೆ ಯಾವ ಗಡ್ಡೆ ಎತ್ತಿಟ್ಟಿದ್ದಿರಿ? ದೊಡ್ಡವನ್ನು ಪಲ್ಯಕ್ಕೆ ಹಾಕಿ, ಮಿಕ್ಕ ಸಣ್ಣವನ್ನು ನೆಟ್ಟಿದ್ದರೆ ಎಡವಿದ್ದು ಅಲ್ಲಿಯೇ. ಕೊಥ್ರುಡ್‌ನ ನಮ್ಮ ಮನೆಯಲ್ಲಿ ನಾನೂ ಹೀಗೆಯೇ ಮಾಡಿ, ಬೆಳಗಾವಿಯ ಸೋದರತ್ತೆ ಕೊಟ್ಟ ತಳಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಬಟಾಟೆಯ ಗಡ್ಡೆ ಅವರೆ, ತೊಗರಿಯ ಕಾಳಿನಂತಲ್ಲ. ಅದು ತಾಯಿಗಿಡದ್ದೇ ಒಂದು ತುಂಡು. ಗಿಡಹೇನು ರಸ ಹೀರುವಾಗ ಹಚ್ಚಿದ ನಂಜು, ಅಂದರೆ ವೈರಸ್, ಎಲೆಯಿಂದ ಗಡ್ಡೆಗೆ ಇಳಿಯುತ್ತದೆ, ಮುಂದಿನ ವರ್ಷ ಮೊಳಕೆಯೊಂದಿಗೇ ಮೇಲೇಳುತ್ತದೆ. ಎಲೆಸುರುಳಿ ನಂಜು ತಗುಲಿದ ಗಿಡದ ಗಡ್ಡೆ ದಪ್ಪವಾಗುವುದಿಲ್ಲ. ಆದ್ದರಿಂದ ಸಣ್ಣವನ್ನೇ ಆರಿಸಿ ನೆಟ್ಟರೆ ರೋಗವನ್ನೇ ಆರಿಸಿ ನೆಟ್ಟಂತೆ. ಒಳ್ಳೆಯದನ್ನು ಆರಿಸುತ್ತ ಹೋದರೆ ಹಳೆಯ ತಳಿಯಲ್ಲಿಯೂ ಸತ್ವ ಸಿಗುತ್ತದೆ. ಕುಫ್ರಿ ರೆಡ್ ಎಂಬ ತಳಿಯನ್ನು ಡಾರ್ಜಿಲಿಂಗ್ ರೆಡ್ ರೌಂಡ್ ಎಂಬ ಹಳೆಯ ತಳಿಯಿಂದಲೇ ಆರಿಸಿ ತೆಗೆದರು.

ನಾನು ಈಗ ಆರಿಸುವುದು ಗಡ್ಡೆಯನ್ನಲ್ಲ, ಗಿಡವನ್ನು. ನೆಟ್ಟು ನಲವತ್ತು ದಿನವಾದಾಗ ತಾರಸಿಯ ಚೀಲಗಳ ನಡುವೆ ಓಡಾಡಿ, ಎತ್ತರವಾಗಿ ಹಸಿರಾಗಿರುವ ಐದಾರು ಗಿಡಗಳಿಗೆ ಕೆಂಪು ನೂಲು ಕಟ್ಟುತ್ತೇನೆ. ಎಲೆ ಸುರುಳಿಯಾದ, ಮಚ್ಚೆಮಚ್ಚೆಯಾದ ಗಿಡ ಕಂಡರೆ ಗಡ್ಡೆಸಮೇತ ಕಿತ್ತುಹಾಕುತ್ತೇನೆ. ಮೊದಲ ಸಲ ಕೈ ಬರುವುದಿಲ್ಲ, ಆದರೂ ಕೀಳಿ. ತಿನ್ನುವ ಗಡ್ಡೆಯ ಗಿಡ 90 ದಿನ ಇರಲಿ. ನೂಲು ಕಟ್ಟಿದ್ದರ ಹಸಿರನ್ನು 75ನೇ ದಿನಕ್ಕೇ ಬುಡದವರೆಗೆ ಕತ್ತರಿಸಿ. ಚಳಿ ಕಡಿಮೆಯಾಗುತ್ತ ಬಂದಂತೆ ಹೇನು ಹೆಚ್ಚುತ್ತದೆ, ಎಲೆಯೇ ಇಲ್ಲದಿದ್ದರೆ ಅದು ಕೂರುವುದೆಲ್ಲಿ? ಅನಂತರ ನೀರು ನಿಲ್ಲಿಸಿ, ಸಿಪ್ಪೆ ಗಟ್ಟಿಯಾಗಲು ಹತ್ತು ಹದಿನೈದು ದಿನ ಮಣ್ಣಿನಲ್ಲೇ ಬಿಟ್ಟು ಅಗೆಯಿರಿ.

ನಾಟಿಗೆ ಅಕ್ಟೋಬರ್ ಕೊನೆ ಸರಿಯಾದ ಹೊತ್ತು. ರಾತ್ರಿಯ ಶಾಖ 20 ಡಿಗ್ರಿಗಿಂತ ಕೆಳಗಿಳಿದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಬುಡಕ್ಕೆ ಎರಡು ಸಲ ಮಣ್ಣೇರಿಸಿ, ಬಿಸಿಲು ತಾಗಿ ಹಸಿರಾದ ಗಡ್ಡೆ ತಿನ್ನಬಾರದು.

ಪುಣೆಯಲ್ಲಿ ಕಷ್ಟವೆಂದರೆ ಬೇಸಿಗೆ. ಫೆಬ್ರವರಿಯಲ್ಲಿ ಅಗೆದದ್ದು ಅಕ್ಟೋಬರ್‌ವರೆಗೆ ಹೊರಗೆ ಉಳಿಯುವುದಿಲ್ಲ, ಎರಡು ಮೂರು ತಿಂಗಳಿಗೇ ಮೊಳೆತು ಸುಕ್ಕಾಗುತ್ತದೆ. ಬಿತ್ತನೆಯನ್ನು ಬಟ್ಟೆಯ ಚೀಲದಲ್ಲಿ ಫ್ರಿಜ್‌ನ ಕೆಳತಟ್ಟೆಯಲ್ಲಿಡಿ. ನಾಟಿಗೆ ಎರಡು ವಾರ ಮೊದಲು ತೆಗೆದು, ನೆರಳಿನ ಬೆಳಕಿನಲ್ಲಿ ಹರವಿ. ಮೊಳಕೆ ಗಿಡ್ಡವಾಗಿ, ದಪ್ಪವಾಗಿ ಬರುತ್ತದೆ.

ನಿಮ್ಮ ಗೋಲಿಗಡ್ಡೆಗಳನ್ನು ಬೇಯಿಸಿ ತಿನ್ನಿ. ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲಿಯೇ ಚಿಗುರಿ ನಂಜನ್ನು ಉಳಿಸುತ್ತವೆ. ದಸರೆಗೆ ಊರಿಗೆ ಹೋದಾಗ ಹೊಸ ಬಿತ್ತನೆ ಕೇಳಿ ತನ್ನಿ, ಒಂದೇ ಮನೆಯಿಂದ ಬೇಡ, ಎರಡು ಮೂರು ಹಿತ್ತಲುಗಳಿಂದ. ಕೋಳಿಮೊಟ್ಟೆಯ ಗಾತ್ರದವು ಹತ್ತು ಸಿಕ್ಕರೆ ಈ ವರ್ಷಕ್ಕೆ ಸಾಕು.