‘ಸರಿಯಾದ ಲೈಸೆನ್ಸ್ ಯಾವುದು ಹೇಳಿಬಿಡಿ, ಸಾಕು’

ಹೆಸರು ಬೇಡ. ಅವರನ್ನು ‘ಕ’ ಎಂದು ಕರೆಯೋಣ. ಗುರುತು ಸಿಗಬಾರದೆಂದು ಸಾಫ್ಟ್‌ವೇರ್‌ನ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ.

ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಕ ಬಂದರು. ಕಾರಣ ಸಂಬಳದ ಕೆಲಸವಲ್ಲ, ಬಿಡುವಿನಲ್ಲಿ ಮಾಡುವ ಓಪನ್ ಸೋರ್ಸ್ ಕೆಲಸ. ಚಿತ್ರಗಳ ಫಾರ್ಮ್ಯಾಟ್ ಬದಲಿಸುವ ಒಂದು ಸಾಫ್ಟ್‌ವೇರನ್ನು ಲಿನಕ್ಸ್‌ಗೆ ಪ್ಯಾಕೇಜ್ ಮಾಡಿಕೊಡಲು, ಅಂದರೆ ಸುಲಭವಾಗಿ ಇನ್‌ಸ್ಟಾಲ್ ಆಗುವ ಹಾಗೆ ಕಟ್ಟಿಕೊಡಲು, ಒಪ್ಪಿಕೊಂಡಿದ್ದರು. ಅದು ಪರಿಶೀಲಕರಿಂದ ಎರಡು ಸಲ ವಾಪಸ್ ಬಂದಿತ್ತು. ಎರಡು ಸಲವೂ ಅದೇ ಮಾತು: ಲೈಸೆನ್ಸ್ (ಕೋಡನ್ನು ಯಾವ ಷರತ್ತಿನ ಮೇಲೆ ಬಳಸಬಹುದು ಎಂಬ ಒಪ್ಪಿಗೆ) ತಪ್ಪಾಗಿ ಬರೆದಿದೆ.

“ಸರ್, ನೀವೂ ಮೊದಲು ಪ್ಯಾಕೇಜ್ ಮಾಡ್ತಿದ್ರಂತೆ. ಸರಿಯಾದ ಲೈಸೆನ್ಸ್ ಯಾವುದು ಹೇಳಿಬಿಡಿ, ಸಾಕು.”

ಉತ್ತರ ಕೊಡಬೇಡಿ, ಅವರಿಂದಲೇ ಬರಲಿ ಎಂದು ನಮ್ಮಂಥ ಆಪ್ತಸಲಹೆಗಾರರಿಗೆ ಕಲಿಸಿರುತ್ತಾರೆ. ಆದರೆ ಹಲ್ಲುನೋವು ಅಂತ ಬಂದವರ ಹತ್ತಿರ ಬಾಲ್ಯದ ಕಥೆ ಕೇಳಿ ಏನು ಮಾಡುವುದು? ಲ್ಯಾಪ್‌ಟಾಪ್ ತೆಗೆಯಿರಿ ಅಂದೆ.

ಮೇಲಿನ ಫೋಲ್ಡರ್‌ನಲ್ಲಿ ಷರತ್ತು ಕಡಿಮೆ ಇರುವ ಎಂಐಟಿ ಲೈಸೆನ್ಸ್‌ನ ಫೈಲ್ ಇತ್ತು. ಅದನ್ನು ನೋಡಿ ಕ ಮೊದಲ ಸಲ ‘ಎಂಐಟಿ’ ಎಂದಷ್ಟೇ ಬರೆದಿದ್ದರು. ಒಳಗೆ ಜಿಪಿಎಲ್ (ಹಂಚುವಾಗ ಅದೇ ಷರತ್ತುಗಳನ್ನು ಮುಂದುವರಿಸಬೇಕೆನ್ನುವ ಲೈಸೆನ್ಸ್) ಕೂಡ ಇದೆ ಎಂದು ಪರಿಶೀಲಕರು ತೋರಿಸಿದಾಗ ‘ಎಂಐಟಿ ಆರ್ ಜಿಪಿಎಲ್’ ಮಾಡಿದರು. ಎಡವಿದ್ದು ಇಲ್ಲೇ. ಲೈಸೆನ್ಸ್ ಹೆಸರುಗಳನ್ನು ಎಲ್ಲರೂ ಒಂದೇ ಥರ ಚುಟುಕಾಗಿ ಬರೆಯಲು ಇರುವ ಎಸ್‌ಪಿಡಿಎಕ್ಸ್ ಬರವಣಿಗೆಯಲ್ಲಿ ‘ಆರ್’ ಎಂದರೆ ಬಳಸುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂದರ್ಥ. ಆ ಆಯ್ಕೆಯನ್ನು ಕೋಡ್ ಬರೆದವರು ಮಾತ್ರ ಕೊಡಬಹುದು. ಬೇರೆ ಬೇರೆ ಫೈಲ್‌ಗಳಿಗೆ ಬೇರೆ ಬೇರೆ ಲೈಸೆನ್ಸ್ ಇದ್ದರೆ ಬರೆಯಬೇಕಾದ್ದು ‘ಆ್ಯಂಡ್’. ಎಲ್ಲ ಷರತ್ತುಗಳೂ ಒಟ್ಟಿಗೆ ಅನ್ವಯಿಸುತ್ತವೆ.

ಆಮೇಲೆ ಒಂದೊಂದೇ ಫೈಲ್‌ನ ತಲೆಬರಹ, ಅಂದರೆ ಶುರುವಿನಲ್ಲಿ ಲೈಸೆನ್ಸ್ ಹೇಳುವ ಸಾಲುಗಳನ್ನು, ಓದಿದೆವು. ಸ್ಕ್ಯಾನ್‌ಕೋಡ್‌ನಂಥ ಸಾಧನಗಳು ಪಟ್ಟಿ ಕೊಡುತ್ತವೆ ನಿಜ, ಆದರೆ ಒಮ್ಮೆಯಾದರೂ ಕಣ್ಣಿಂದ ನೋಡುವುದು ಒಳ್ಳೆಯದು. ಬೇರೆಡೆಯಿಂದ ತಂದಿಟ್ಟ ಒಂದು ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಅಪಾಚೆ 2.0 ಎಂಬ ಇನ್ನೊಂದು ಲೈಸೆನ್ಸ್ ಅಡಿಯಲ್ಲಿತ್ತು. ಎರಡು ಫೈಲ್‌ಗಳಲ್ಲಿ ಜಿಪಿಎಲ್ ಆವೃತ್ತಿ 2, ‘ಅಥವಾ ಅದರ ನಂತರದ ಯಾವುದೇ ಆವೃತ್ತಿ’ ಎಂದಿತ್ತು. ಈ ಕೊನೆಯ ಮಾತು ನೋಡಿ ನನಗೆ ಸಮಾಧಾನವಾಯಿತು. 1991ರ ಜಿಪಿಎಲ್ 2ಕ್ಕೂ 2004ರ ಅಪಾಚೆ 2.0ಕ್ಕೂ ಹೊಂದಾಣಿಕೆ ಇಲ್ಲ ಎನ್ನುವುದು ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. 2007ರ ಜಿಪಿಎಲ್ 3ರ ಜೊತೆಗಾದರೆ ಅಪಾಚೆ ಸೇರುತ್ತದೆ. ‘ಆವೃತ್ತಿ 2 ಮಾತ್ರ’ ಎಂದಿದ್ದರೆ ಇವೆರಡನ್ನೂ ಬೆಸೆದ ಬೈನರಿಯನ್ನು (ಕೋಡಿನಿಂದ ತಯಾರಾದ, ಓಡಿಸುವ ಪ್ರೋಗ್ರಾಂ) ಹಂಚುವುದೇ ಕಷ್ಟವಾಗುತ್ತಿತ್ತು.

ಕೋಡಿನಿಂದ ಪ್ರೋಗ್ರಾಂ ತಯಾರಿಸುವಾಗ ಬಳಸುವ ಕಾನ್ಫಿಗ್.ಗೆಸ್ ಎಂಬ ಬಿಲ್ಡ್ ಸ್ಕ್ರಿಪ್ಟ್‌ನಲ್ಲೂ ಜಿಪಿಎಲ್ ಕಂಡು ಕ ಗಾಬರಿಯಾಗಿದ್ದರು. ಅದಕ್ಕೆ ವಿನಾಯಿತಿ ಇದೆ, ಮೇಲಾಗಿ ಅದು ಬೈನರಿಯೊಳಗೆ ಹೋಗುವುದೇ ಇಲ್ಲ. ಫೆಡೋರಾ, ಡೆಬಿಯನ್ ಎರಡೂ ಲಿನಕ್ಸ್‌ನ ಬಗೆಗಳು. ಫೆಡೋರಾದಲ್ಲಿ ಲೈಸೆನ್ಸ್ ಕಾಲಂಗೆ ಬೈನರಿ ಪ್ಯಾಕೇಜಿನಲ್ಲಿ ಇರುವುದಷ್ಟೇ ಲೆಕ್ಕ. ಡೆಬಿಯನ್‌ನ ಕಾಪಿರೈಟ್ ಫೈಲ್‌ನಲ್ಲಾದರೆ ಸೋರ್ಸ್‌ನದ್ದೂ (ಮೂಲ ಕೋಡಿನದ್ದು) ಬರೆಯಬೇಕು. ನಿಮ್ಮ ಪ್ಯಾಕೇಜ್ ಎಲ್ಲಿಗೆ ಹೋಗುತ್ತದೋ ಅಲ್ಲಿನ ನಿಯಮ ನೋಡಿ ಅಂದೆ.

ಉಳಿದದ್ದು ಮೂರು ಫೈಲ್. ತಲೆಬರಹವೇ ಇಲ್ಲ. ಒಂದರ ಕೋಡ್ ಬರೆದಿರುವ ರೀತಿಯೇ ಬೇರೆ, ಎಲ್ಲಿಂದಲೋ ಎತ್ತಿ ತಂದ ಹಾಗಿತ್ತು.

“ಬರೆದವರನ್ನು ಕೇಳಿದ್ರಾ?”

ಕ ತಲೆ ತಗ್ಗಿಸಿದರು. ಮೂರು ವಾರದಿಂದ ಆ ಪತ್ರ ಡ್ರಾಫ್ಟ್‌ನಲ್ಲೇ ಇತ್ತು. “ಕದ್ದಿದ್ದೀರಿ ಅಂದ ಹಾಗೆ ಆಗಲ್ವಾ ಸರ್? ಅಷ್ಟು ದೊಡ್ಡ ಕೆಲಸ ಮಾಡಿದವರು. ನಾನು ಯಾರು ಕೇಳೋಕೆ?”

ಅಲ್ಲಿಗೆ ನಿದ್ದೆಗೇಡಿನ ಮೂಲ ಸಿಕ್ಕಿತು. ಪರಿಶೀಲಕರ ಟಿಪ್ಪಣಿ ತನಗೆ ಬೈದಂತೆ ಕೇಳಿಸಿತ್ತು. ಹಾಗಾಗಿ ತನ್ನ ಪ್ರಶ್ನೆಯೂ ಇನ್ನೊಬ್ಬರಿಗೆ ಬೈದಂತೆ ಕೇಳಿಸುತ್ತದೆ ಎಂಬ ಭಯ. ಆ ಎರಡು ಟಿಪ್ಪಣಿಗಳನ್ನು ಜೋರಾಗಿ ಓದಿಸಿದೆ. ಒಂದೊಂದು ಸಾಲು, ಅಷ್ಟೇ. ಬೈಗುಳ ಎಲ್ಲೂ ಇರಲಿಲ್ಲ. ಓದುತ್ತಾ ಅವರಿಗೇ ನಗು ಬಂತು.

ನಾನು ಕೊಟ್ಟ ಸಲಹೆ ಇಷ್ಟು. ಲೈಸೆನ್ಸ್ ತೀರ್ಮಾನಿಸುವುದು ನಿಮ್ಮ ಹೊಣೆಯಲ್ಲ, ಇರುವುದನ್ನು ಇರುವ ಹಾಗೆ ದಾಖಲಿಸುವುದು ಮಾತ್ರ ನಿಮ್ಮದು. ಗೊತ್ತಿಲ್ಲದ ಕಡೆ ಊಹಿಸಿ ತುಂಬಬೇಡಿ. ಪತ್ರದಲ್ಲಿ ‘ಯಾಕೆ ಹಾಕಿಲ್ಲ’ ಎಂದು ಕೇಳುವ ಬದಲು ‘ಈ ಮೂರು ಫೈಲ್‌ಗಳಿಗೂ ಎಂಐಟಿಯೇ ಅನ್ವಯಿಸುತ್ತದೆಯೇ?’ ಎಂದು ಕೇಳಿ. ಹೌದು ಅಥವಾ ಇಲ್ಲ ಎಂದರೆ ಮುಗಿಯುವ ಹಾಗಿರಲಿ. ಅಲ್ಲೇ ಕೂತು ನಾಲ್ಕು ಸಾಲು ಬರೆದರು. ‘ಕಳಿಸು’ ಒತ್ತುವ ಮೊದಲು ಹತ್ತು ನಿಮಿಷ ಸುಮ್ನೆ ಕೂತಿದ್ದರು. ನಾನೂ ಮಾತಾಡಲಿಲ್ಲ.

ಐದನೇ ದಿನ ಉತ್ತರ ಬಂತು. ಎರಡು ಫೈಲ್ ತಮ್ಮದೇ, ಎಂಐಟಿ. ಮೂರನೆಯದನ್ನು ಎಲ್ಲಿಂದ ತಂದದ್ದೆಂದು ಬರೆದವರಿಗೇ ನೆನಪಿರಲಿಲ್ಲ. ಅದನ್ನು ತೆಗೆದು ಹೊಸದಾಗಿ ಬರೆಯುತ್ತೇನೆ, ಕೇಳಿದ್ದು ಒಳ್ಳೆಯದಾಯಿತು ಎಂದಿದ್ದರು. ಹೊಸ ಆವೃತ್ತಿ ಬಂದ ಮೇಲೆ ಕ ‘ಎಂಐಟಿ ಆ್ಯಂಡ್ ಅಪಾಚೆ-2.0 ಆ್ಯಂಡ್ ಜಿಪಿಎಲ್-2.0-ಆರ್-ಲೇಟರ್’ ಎಂದು ತುಂಬಿದರು. ಪ್ಯಾಕೇಜ್ ಒಳಗೆ ಹೋಯಿತು.

ನಿದ್ದೆ ಈಗ ಪರವಾಗಿಲ್ಲವಂತೆ. ಮೊನ್ನೆ ಮತ್ತೆ ಬಂದಿದ್ದರು, ಕೈಯಲ್ಲಿ ಇನ್ನೊಂದು ಪ್ಯಾಕೇಜ್. ಅದರೊಳಗೆ ಒಂದು ಫಾಂಟ್ ಇದೆ, ಲೈಸೆನ್ಸ್ ಎಲ್ಲೂ ಕಾಣುತ್ತಿಲ್ಲ. “ಪತ್ರ ಆಗಲೇ ಕಳಿಸಿದೀನಿ ಸರ್,” ಅಂದರು.