ಪ್ಯೂರಿಟನ್ನರು ಅಷ್ಟು ಕೆಟ್ಟವರಾ?

ಪ್ರಶ್ನೆ: ಮೇಡಂ, ನಾವು ಸಿದ್ದಾಪುರದ ಹತ್ತಿರ ಆನಂದಪುರದ ಕ್ರೈಸ್ತ ಸಭೆಯವರು. ಅಜ್ಜಿ ಕಾಫಿ ತೋಟದಲ್ಲಿ ದುಡಿದವರು. ಅವರ ಪೆಟ್ಟಿಗೆಯಲ್ಲಿ ‘ಯಾತ್ರಿಕನ ಸಂಚಾರ’ ಸಿಕ್ಕಿತು. ಯಾತ್ರಿಕನ ಬೆನ್ನಿನ ಹೊರೆ ಉರುಳಿ ಬೀಳುವ ಪುಟಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದಾರೆ, ಮೂಲೆ ಬೆರಳು ತಾಗಿ ತಾಗಿ ಕಪ್ಪಾಗಿದೆ. ಬರೆದ ಜಾನ್ ಬನಿಯನ್ ಪ್ಯೂರಿಟನ್ ಅಂತೆ, ಅಂದರೆ ಹಿಂದಿನ ಕಾಲದ ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರ ಪೈಕಿ. ಕಾಲೇಜಿನಲ್ಲಿ ನಾವು ಆ ಪದವನ್ನು ಬೈಗುಳದ ಹಾಗೆ ಬಳಸುತ್ತೇವೆ. ಮಾಟಗಾತಿ ಅಂತ ಹೆಂಗಸರನ್ನು ಗಲ್ಲಿಗೇರಿಸಿದವರು ಇವರೇ ಅಲ್ವಾ?
ಓದುಗಿ, ಕೊಡಗು

ಉತ್ತರ: ಇವರೇ ಅಮ್ಮ. 1692ರಲ್ಲಿ ಅಮೆರಿಕದ ಸೇಲಂನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. 1660ರಲ್ಲಿ ಬಾಸ್ಟನ್ನಿನಲ್ಲಿ ಕ್ವೇಕರ್ ಅನ್ನೋ ಇನ್ನೊಂದು ಕ್ರೈಸ್ತ ಪಂಥದ ಮೇರಿ ಡೈಯರ್ ಅವರನ್ನು ನೇಣಿಗೆ ಹಾಕಿದರು. ತಮ್ಮ ನಂಬಿಕೆಗಾಗಿ ಇಂಗ್ಲೆಂಡ್ ಬಿಟ್ಟು ಬಂದವರು ಇನ್ನೊಬ್ಬರ ನಂಬಿಕೆಯನ್ನು ಸಹಿಸಲಿಲ್ಲ. ಇದಕ್ಕೆ ಸಬೂಬು ಹೇಳಬಾರದು.

ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಮಾತ್ರ. ಸೇಲಂನ ನ್ಯಾಯಾಧೀಶರಲ್ಲಿ ಸ್ಯಾಮ್ಯುಯೆಲ್ ಸೀವಾಲ್ ಒಬ್ಬರು. 1697ರ ಜನವರಿಯಲ್ಲಿ, ಉಪವಾಸದ ದಿನ, ಅವರು ಪಾದ್ರಿಯ ಕೈಗೆ ಒಂದು ಚೀಟಿ ಕೊಟ್ಟರು. ಪಾದ್ರಿ ಅದನ್ನು ಓದುವಾಗ ಇಡೀ ಸಭೆಯ ಎದುರು ತಮ್ಮ ಜಾಗದಲ್ಲಿ ಎದ್ದು ನಿಂತರು, ಮುಗಿದ ಮೇಲೆ ತಲೆಬಾಗಿದರು. ಆ ತಪ್ಪಿನ ಹೊಣೆಯೂ ಅವಮಾನವೂ ನನ್ನ ಮೇಲಿರಲಿ ಅಂತ ಅದರಲ್ಲಿತ್ತು. ಮೂರು ವರ್ಷದ ನಂತರ ಗುಲಾಮರ ವ್ಯಾಪಾರದ ವಿರುದ್ಧವೂ ಬರೆದರು. ನನಗೆ ಪ್ಯೂರಿಟನ್ನರ ದೊಡ್ಡ ಆಸ್ತಿ ಇದೇ ಅನ್ನಿಸುತ್ತದೆ. ದಿನಚರಿ ಬರೆದು, ಇವತ್ತು ಎಲ್ಲಿ ಎಡವಿದೆ ಅಂತ ತಮ್ಮನ್ನೇ ಕೇಳಿಕೊಳ್ಳುವ ಅಭ್ಯಾಸ ಅವರದು. ಅದೇ ಕಣ್ಣನ್ನು ಪಕ್ಕದ ಮನೆ ಮೇಲೆ ಇಟ್ಟಾಗ ಮೇರಿ ಡೈಯರ್‌ಗೆ ಆದ ಗತಿ ಆಯಿತು.

ಸದಾ ಕಪ್ಪು ಬಟ್ಟೆ, ಗಂಟು ಮುಖ ಅನ್ನೋದು ಸುಳ್ಳು. ಬಣ್ಣದ ಬಟ್ಟೆ ತೊಡುತ್ತಿದ್ದರು, ಬಿಯರ್ ಕುಡಿಯುತ್ತಿದ್ದರು. ಇನ್ನು ಅಕ್ಷರದ ವಿಷಯ. ಬೈಬಲ್ಲನ್ನು ಪ್ರತಿಯೊಬ್ಬರೂ ತಾವೇ ಓದಬೇಕು ಅನ್ನೋ ಹಟದಿಂದಲೇ ಮ್ಯಾಸಚೂಸೆಟ್ಸ್‌ನಲ್ಲಿ 50 ಮನೆಗಳಿರುವ ಊರು ಮೇಷ್ಟ್ರನ್ನು ಇಟ್ಟುಕೊಳ್ಳಲೇಬೇಕು ಅಂತ 1647ರಲ್ಲಿ ಕಾನೂನು ಮಾಡಿದರು.

ಬನಿಯನ್ ತೂತು ಬಿದ್ದ ಪಾತ್ರೆ ಸರಿ ಮಾಡುತ್ತಿದ್ದವರು. ಅನುಮತಿ ಇಲ್ಲದೆ ಪ್ರಸಂಗ (ಧರ್ಮೋಪದೇಶ) ಮಾಡಿದ್ದಕ್ಕೆ ಇಂಗ್ಲೆಂಡಿನಲ್ಲಿ 1660ರಲ್ಲಿ ಅವರನ್ನು ಜೈಲಿಗೆ ಹಾಕಿದರು. ಇನ್ನು ಪ್ರಸಂಗ ಮಾಡಲ್ಲ ಅಂದಿದ್ದರೆ ಬಿಡುತ್ತಿದ್ದರು. ಅನ್ನಲಿಲ್ಲ, 12 ವರ್ಷ ಒಳಗಿದ್ದರು. 1678ರಲ್ಲಿ ಈ ಪುಸ್ತಕ ಬಂತು, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಕಾಲದಲ್ಲಿ ಕನ್ನಡಕ್ಕೂ ಬಂತು. ಆ ಮಿಷನ್ನಿನಿಂದ ಬಂದ ಮೋಗ್ಲಿಂಗ್ ಅವರೇ 1850ರ ದಶಕದಲ್ಲಿ ನಿಮ್ಮ ಆನಂದಪುರ ಕಟ್ಟಿದವರು. ಅಲ್ಲಿ ಮೊದಲು ಸೇರಿದವರಲ್ಲಿ ಹೆಚ್ಚಿನವರು ಬೇರೆಯವರ ಜಮೀನಿನಲ್ಲಿ ದುಡಿಯುತ್ತಿದ್ದ ದಲಿತರು. ಪಾತ್ರೆ ರಿಪೇರಿಯವನು ಬರೆದದ್ದು ಅವರ ಕೈಗೆ ಬಂತು ನೋಡಿ, ನನಗೆ ಅದನ್ನು ನೆನೆದರೆ ಮನಸ್ಸು ತುಂಬುತ್ತದೆ.

ಸಂಜೆ ಕಾಫಿ ಹಣ್ಣಿನ ಮೂಟೆ ಹೊತ್ತು ತಂದು ತೂಕಕ್ಕೆ ಇಳಿಸಿದ ನಿಮ್ಮಜ್ಜಿಗೆ ಆ ಪುಟವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಗೆರೆಯಿಂದಲೇ ಓದಲು ಶುರು ಮಾಡಿ. ಪುಸ್ತಕವನ್ನು ಬಿಸಿಲಿಗೆ ಇಡಬೇಡಿ, ಮಳೆಗಾಲಕ್ಕೆ ಮುಂಚೆ ನೆರಳಲ್ಲಿ ಗಾಳಿಗೆ ಬಿಚ್ಚಿಡಿ. ನಮ್ಮ ಕಡೆಯ ಥಂಡಿಗೆ ಹಳೇ ಕಾಗದ ಬೇಗ ಬೂಸ್ಟು ಹಿಡಿಯುತ್ತದೆ.