ಲಿನಕ್ಸ್‌ನ ಫೈಲ್ ಮ್ಯಾನೇಜರ್ ಥೂನಾರ್‌ನಲ್ಲಿ ಹಲವು ವಿಡಿಯೊಗಳನ್ನು ಆರಿಸಿದರೆ, ಆಡಿಯೊ ಬೇರ್ಪಡಿಸುವ ನನ್ನ ಕಸ್ಟಮ್ ಆ್ಯಕ್ಷನ್ ಮೆನುವಿನಿಂದ ಏಕೆ ಮಾಯವಾಗುತ್ತದೆ?

ಕಾರಣ ಒಂದೇ ಅಕ್ಷರ. ಕಮಾಂಡ್‌ನಲ್ಲಿ ಶೇಕಡಾ ಚಿಹ್ನೆಯ ನಂತರ ಇಂಗ್ಲಿಷಿನ ಸಣ್ಣ ಎಫ್ ಇದ್ದರೆ ಅದು ಒಂದು ಫೈಲಿಗಷ್ಟೇ ಅನ್ವಯಿಸುತ್ತದೆ. ಎರಡನೆಯದನ್ನು ಆರಿಸಿದೊಡನೆ ಥೂನಾರ್ ಅದನ್ನು ಮರೆಮಾಡುತ್ತದೆ. ದೊಡ್ಡ ಎಫ್ ಬಳಸಿ.

ಆದರೆ ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ಎಲ್ಲ ಹೆಸರುಗಳೂ ಒಟ್ಟಿಗೆ ಹೋದಾಗ, ಆಡಿಯೊ ಬೇರ್ಪಡಿಸುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂ ಮೊದಲನೆಯದನ್ನು ಮಾತ್ರ ಇನ್‌ಪುಟ್ ಎಂದು ಓದಿ, ಉಳಿದವನ್ನು ಔಟ್‌ಪುಟ್ ಎಂದು ಭಾವಿಸುತ್ತದೆ. ಕೇಳದೆ ಮೇಲೆಯೇ ಬರೆಯುವ ಆಯ್ಕೆಯನ್ನೂ ಕೊಟ್ಟಿದ್ದರೆ ನಿಮ್ಮ ಮೂಲ ವಿಡಿಯೊಗಳೇ ಹಾಳಾಗುತ್ತವೆ! ಹಾಗಾಗಿ ಶೆಲ್‌ನ (ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂ) ಫಾರ್ ಲೂಪ್, ಅಂದರೆ ಪ್ರತಿ ಫೈಲಿಗೂ ಅದೇ ಕಮಾಂಡನ್ನು ಮರಳಿ ನಡೆಸುವ ರಚನೆಯ ಒಳಗೆ ಒಂದೊಂದೇ ಫೈಲನ್ನು ಕೊಡಿ. ಆಯಾ ಫೈಲಿನ ಹೆಸರನ್ನು ಹಿಡಿದಿಡುವ ಲೂಪಿನ ವೇರಿಯಬಲ್ ಸುತ್ತ ಉದ್ಧರಣ ಚಿಹ್ನೆ ಬೇಕೇಬೇಕು; ದೊಡ್ಡ ಎಫ್ ಸುತ್ತ ಬೇಡ, ಥೂನಾರ್ ತಾನೇ ಹಾಕಿಕೊಳ್ಳುತ್ತದೆ.

ಇನ್ನು, ಯಾವಾಗ ಕಾಣಬೇಕೆಂದು ಸೂಚಿಸುವ ಟ್ಯಾಬ್‌ನಲ್ಲಿ ವಿಡಿಯೊ ಫೈಲ್‌ಗಳಿಗೆ ಟಿಕ್ ಹಾಕಿರಿ.